ಹೊರೆ ಹಂಚಿಕೆ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಪಾದಕ ಮಿತ್ರರು ಕೇಳಿದಾಗ, ಕವಿತೆ ಕಟ್ಟುವ ಶಕ್ತಿ ನನಗಿಲ್ಲವೆಂದೆ. ಮೂವತ್ತು ವರ್ಷಗಳಿಂದ ನಾನು ಕಟ್ಟುತ್ತ ಬಂದಿರುವುದು ಸರ್ಕ್ಯೂಟ್ ಬೋರ್ಡುಗಳನ್ನು. ಆದ್ದರಿಂದ ಅದನ್ನೇ ಕುರಿತು ಬರೆಯುತ್ತಿದ್ದೇನೆ, ಸಹೃದಯರು ಸಹಿಸಿಕೊಳ್ಳಬೇಕು.

1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನನಗೆ ಮೊದಲ ನೌಕರಿ ದೊರೆಯಿತು. ಅಳತೆಯ ಉಪಕರಣವೊಂದರ ಬೋರ್ಡಿಗೆ 5 ವೋಲ್ಟಿನಲ್ಲಿ 1.6 ಆಂಪಿಯರ್ ಬೇಕಾಗಿತ್ತು. 7805 ಎಂಬ ಮೂರು ಕಾಲಿನ ವೋಲ್ಟೇಜ್ ರೆಗ್ಯುಲೇಟರ್ ಸಾಮಾನ್ಯವಾಗಿ ಒಂದು ಆಂಪಿಯರ್ ಹೊರುತ್ತದೆ. ಎರಡನ್ನು ಅಕ್ಕಪಕ್ಕ ನಿಲ್ಲಿಸಿ ಔಟ್‌ಪುಟ್‌ಗಳನ್ನು ಒಂದುಗೂಡಿಸಿದರೆ ಎರಡು ಆಂಪಿಯರ್ ಆಯಿತಲ್ಲ ಎಂಬುದು ನನ್ನ ಲೆಕ್ಕ. ಬೋರ್ಡು ಚಾಲೂ ಆಯಿತು. ತುಸು ಹೊತ್ತಿನ ನಂತರ ಬೆರಳಿಟ್ಟು ನೋಡಿದರೆ ಒಂದು ರೆಗ್ಯುಲೇಟರ್ ಮುಟ್ಟಲಾಗದಷ್ಟು ಬಿಸಿ, ಇನ್ನೊಂದು ತಣ್ಣಗಿದೆ! ಇನ್ನೂ ಕೆಲವು ನಿಮಿಷಗಳಲ್ಲಿ ಬೋರ್ಡು ನಿಂತೇಹೋಯಿತು.

ಹಿರಿಯ ತಂತ್ರಜ್ಞರೊಬ್ಬರು ಕಾರಣ ತಿಳಿಸಿದರು. ಐದು ವೋಲ್ಟಿನದೆಂದು ಮಾರುವ 7805 ನಿಜದಲ್ಲಿ 4.8ರಿಂದ 5.2ರ ನಡುವೆ ಎಲ್ಲಿಯಾದರೂ ಇರಬಹುದು. ಎರಡರಲ್ಲಿ ಯಾವುದು ಕೂದಲೆಳೆಯಷ್ಟು ಮೇಲಿದೆಯೋ ಅದೇ ಹೊರೆಯನ್ನೆಲ್ಲ ಹೊರುತ್ತದೆ. ಇನ್ನೊಂದು, ವೋಲ್ಟೇಜ್ ಆಗಲೇ ಸಾಕಷ್ಟಿದೆಯೆಂದು ತಿಳಿದು ಕೈಕಟ್ಟಿ ಕೂರುತ್ತದೆ. ಮೊದಲನೆಯದು ಕಾದು ಸೋತಾಗ ಭಾರ ಎರಡನೆಯದರ ಮೇಲೆ ಬಿದ್ದು ಅದೂ ಸೋಲುತ್ತದೆ. "ಔಟ್‌ಪುಟ್ ಕೂಡಿಸಬೇಡ, ಹೊರೆಯನ್ನು ವಿಂಗಡಿಸು. ಗ್ರೌಂಡ್ ಮಾತ್ರ ಒಂದೇ ಇರಲಿ" ಎಂದರು ಅವರು. 1975ರ ಆಲ್ಟೇರ್ ಗಣಕದಲ್ಲಿಯೂ ಪೆಟ್ಟಿಗೆಯಿಂದ ಬರುತ್ತಿದ್ದುದು ಸುಮಾರು 8 ವೋಲ್ಟಿನ ಒರಟು ವಿದ್ಯುತ್ತು. ಪ್ರತಿಯೊಂದು ಕಾರ್ಡೂ ತನ್ನ ಐದು ವೋಲ್ಟನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತಿತ್ತು. ನಾನು ಡಿಜಿಟಲ್ ಭಾಗಕ್ಕೊಂದು, ಅಳತೆಯ ಭಾಗಕ್ಕೊಂದು ರೆಗ್ಯುಲೇಟರ್ ಕೊಟ್ಟು, ಎರಡಕ್ಕೂ ತಕ್ಕ ಹೀಟ್ ಸಿಂಕ್ ಜೋಡಿಸಿದೆ. ಬೋರ್ಡು ನಿಲ್ಲಲಿಲ್ಲ.

ಪಾಠ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. 1996ರಲ್ಲಿ ಹಾಸನದಲ್ಲಿದ್ದ ನಮ್ಮ ತಾಯಿಯವರಿಗೆ ಪಾರ್ಶ್ವವಾಯು ಬಡಿಯಿತು. ಅಕ್ಕ ಅದೇ ಊರಿನಲ್ಲಿದ್ದಳು. "ಅಮ್ಮನನ್ನು ನಾವಿಬ್ಬರೂ ನೋಡಿಕೊಳ್ಳುತ್ತಿದ್ದೇವೆ" ಎಂದು ನಾನು ಇಲ್ಲಿನ ಸ್ನೇಹಿತರೊಡನೆ ಹೇಳಿಕೊಳ್ಳುತ್ತಿದ್ದೆ. ಹಣ ಕಳುಹಿಸುತ್ತಿದ್ದೆ, ಭಾನುವಾರ ಫೋನ್ ಮಾಡುತ್ತಿದ್ದೆ. ಆ ವೇಳೆಗೆ ಆಗಬೇಕಾದುದೆಲ್ಲ ಆಗಿಯೇ ಇರುತ್ತಿತ್ತು. "ಎಲ್ಲಾ ಆಯ್ತು ಕಣೋ, ನೀನೇನೂ ಯೋಚನೆ ಮಾಡ್ಬೇಡ" ಎನ್ನುತ್ತಿದ್ದಳು ಅಕ್ಕ. ನಾನು ನೆಮ್ಮದಿಯಿಂದ ಫೋನ್ ಇಡುತ್ತಿದ್ದೆ.

ಎರಡು ವರ್ಷಗಳ ನಂತರ ಅಕ್ಕನೇ ಆಸ್ಪತ್ರೆ ಸೇರಿದಳು. ಧಾವಿಸಿ ಹೋದ ನನಗೆ ಅವಳ ಇಳಿದುಹೋದ ಮುಖ ಕಂಡಾಗ ನೆನಪಾದುದು ಆ ತಣ್ಣಗಿನ ರೆಗ್ಯುಲೇಟರ್.

ಆ ಸಲ ಕುಳಿತು ಕೆಲಸಗಳನ್ನು ವಿಂಗಡಿಸಿದೆವು. ವೈದ್ಯರೊಡನೆ ಮಾತು, ಔಷಧಿಯ ಏರ್ಪಾಡು, ರಾತ್ರಿ ನೋಡಿಕೊಳ್ಳುವ ದಾದಿಯ ನೇಮಕ ಸಂಪೂರ್ಣವಾಗಿ ನನ್ನವು, ಅಕ್ಕ ಕೈಹಾಕುವಂತಿಲ್ಲ. ವರ್ಷಕ್ಕೆ ಆರು ವಾರ ಅಮ್ಮನ ಬಳಿ ನಾನೇ ಇರಬೇಕು. ಆಗ ಅಕ್ಕ ಮಗಳ ಮನೆಗೆ ಹೋಗಬೇಕು. ರಜೆಗಾಗಿ ಸಂಬಳ ಬಿಟ್ಟೆ, ಒಂದು ಬಡ್ತಿಯೂ ಕೈತಪ್ಪಿತು. 2003ರಲ್ಲಿ ಅಮ್ಮ ತೀರಿಕೊಳ್ಳುವವರೆಗೂ ಹೀಗೆಯೇ ನಡೆಯಿತು. "ನೀನು ಬಂದಾಗ ಮಾತ್ರ ನಂಗೆ ನಿದ್ದೆ ಬರುತ್ತೆ ನೋಡು" ಎಂದು ಅಕ್ಕ ಒಮ್ಮೆ ಅಂದದ್ದು ಇಂದಿಗೂ ಕಿವಿಯಲ್ಲಿದೆ.

ಮಾನ್ಯ ಪ್ರತಿನಿಧಿಗಳೇ, ಸಮ್ಮೇಳನದ ಸಡಗರ ಮುಗಿದ ಮೇಲೆ ನೀವೂ ಊರಿಗೆ ಫೋನ್ ಮಾಡುವಿರಿ. "ಎಲ್ಲಾ ಆಯ್ತು" ಎಂಬ ಉತ್ತರ ಬಂದರೆ, ಅದನ್ನು ಮಾಡಿದವರು ಯಾರೆಂದು ದಯವಿಟ್ಟು ಕೇಳಿರಿ.