ದುಬೈನಿಂದ ಊರಿಗೆ ಎಷ್ಟು ತಾಸು?

ಅಪ್ಪ ತೀರಿಕೊಂಡಿದ್ದು ಬೆಳಗಿನ ಜಾವ. ಅಣ್ಣ ಇದ್ದದ್ದು ದುಬೈನಲ್ಲಿ. ನಾವು ಫೋನ್ ಮಾಡಿದಾಗ ಇಲ್ಲಿ ಐದೂವರೆ, ಅಲ್ಲಿ ಇನ್ನೂ ನಾಲ್ಕು ಗಂಟೆ.

"ಅಂವ ಬರಾಕ ಎಷ್ಟು ತಾಸು ಬೇಕು?" ದೊಡ್ಡಪ್ಪ ಕೇಳಿದರು. ಮನೆಯಲ್ಲಿ ಓದಿದವರು ಅಂದರೆ ನಾವಿಬ್ಬರೇ, ಅಕ್ಕ-ತಮ್ಮ. ಮೊಬೈಲ್ ತೆಗೆದು ನೋಡಿದೆವು. ದುಬೈಯಿಂದ ಬೆಂಗಳೂರಿಗೆ ಸುಮಾರು 2,700 ಕಿ.ಮೀ., ವಿಮಾನದಲ್ಲಿ ಹೆಚ್ಚುಕಡಿಮೆ 4 ತಾಸು.

"ನಾಲ್ಕು ತಾಸು ದೊಡ್ಡಪ್ಪ" ಅಂದುಬಿಟ್ಟೆವು. ಒಂದು ಸುದ್ದಿ ಬರೆಯೋಕೆ ಎರಡು ಕಡೆ ವಿಚಾರಿಸಬೇಕು ಅಂತ ಕ್ಲಾಸಿನಲ್ಲಿ ಕಲಿತವರು ನಾವು!

ದೊಡ್ಡಪ್ಪ ಅದಕ್ಕೆ ಬೆಂಗಳೂರಿಂದ ಬ್ಯಾಡಗಿ ಕಡೆಯ ನಮ್ಮೂರಿಗೆ ಕಾರಿನ ಆರು ತಾಸು ಸೇರಿಸಿ, "ಸಂಜೆ ಐದಕ್ಕೆ ಮಣ್ಣು" ಅಂತ ಊರಿಗೆಲ್ಲ ಹೇಳಿ ಕಳಿಸಿದರು. ಬೀಗರು ಹೊರಟರು. ಗುಂಡಿ ತೆಗೆದಾಯಿತು.

ಅಲ್ಲಿ ಅಣ್ಣನ ಸಾಹೇಬರು ಬಂದಿದ್ದೇ ಎಂಟಕ್ಕೆ. ರಜೆಗೆ ಸಹಿ ಆಗುವಾಗ ಮಧ್ಯಾಹ್ನ. ಸೀಟು ಸಿಕ್ಕಿದ್ದು ರಾತ್ರಿಯ ವಿಮಾನದಲ್ಲಿ, ಅದಕ್ಕೂ ಮೂರು ತಾಸು ಮೊದಲೇ ಹೋಗಿ ಕೂರಬೇಕು. ವಾಟ್ಸಾಪಿನಲ್ಲಿ ಟಿಕೆಟ್ ಬಂತು: ಹೊರಡೋದು 21:50, ಮುಟ್ಟೋದು 03:05.

ದೊಡ್ಡಪ್ಪ ಬೆರಳು ಎಣಿಸಿದರು. "ನಾಲ್ಕು ಅಂದ್ರಿ, ಇಲ್ಲಿ ಐದೂ ಕಾಲು ಐತಲ್ಲ?"

ಟಿಕೆಟ್‌ನಲ್ಲಿ ಹೊರಡುವ ಹೊತ್ತು ಅಲ್ಲಿಯ ಗಡಿಯಾರದ್ದು, ಮುಟ್ಟುವ ಹೊತ್ತು ಇಲ್ಲಿಯದ್ದು. ನಮ್ಮ ಗಡಿಯಾರ ಅಲ್ಲಿಗಿಂತ ಒಂದೂವರೆ ತಾಸು ಮುಂದೆ. ಐದೂ ಕಾಲರಲ್ಲಿ ಅದನ್ನು ಕಳೆದರೆ ಹಾರುವುದು ಮೂರು ಮುಕ್ಕಾಲು ತಾಸು. ಹೆಣದ ಮುಂದೆ ಕೂತು ಈ ಲೆಕ್ಕ ಬಿಡಿಸಿ ಹೇಳುವಾಗ ನಮ್ಮ ಗಂಟಲು ಕಟ್ಟಿತ್ತು.

ಹಿರಿಯರಲ್ಲಿ ಇಬ್ಬರು "ಇನ್ನ ಇಡಬಾರದು" ಅಂದರು. ಅವ್ವ ಒಂದೇ ಮಾತು, "ಅಂವ ಬರಲಿ." ರಾಣೆಬೆನ್ನೂರಿಂದ ಫ್ರೀಜರ್ ಪೆಟ್ಟಿಗೆ ತರಿಸಿದೆವು. ರಾತ್ರಿ ಕರೆಂಟ್ ಹೋದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು.

ದೇವನಹಳ್ಳಿಯಲ್ಲಿ ಇಳಿದು, ಪಾಸ್‌ಪೋರ್ಟ್ ತೋರಿಸಿ ಹೊರಬರುವಾಗ ನಾಲ್ಕು ದಾಟಿತ್ತು. ಆಮೇಲಿನ ದಾರಿಗೇ ಆರೂವರೆ ತಾಸು. ಸಮುದ್ರ ದಾಟಿ ಬರೋದಕ್ಕಿಂತ ತುಮಕೂರು, ಚಿತ್ರದುರ್ಗ, ದಾವಣಗೆರೆ ದಾಟೋದೇ ಹೆಚ್ಚು ಹೊತ್ತು. ನಮಗೆ ಮೊದಲೇ ಹೊಳೆಯಬೇಕಿತ್ತು.

ಫೋನ್ ಮಾಡಿ 29 ತಾಸಿನ ಮೇಲೆ, ಹತ್ತೂವರೆಗೆ ಅಣ್ಣ ಬಂದ. ಡ್ಯೂಟಿ ಬೂಟಿನಲ್ಲೇ ಇದ್ದ. ಅಪ್ಪನ ಕಾಲ ಹತ್ತಿರ ಕೂತು, "ತಡಾ ಆತೇನವ್ವಾ?" ಅಂತ ಕೇಳಿದ. ಯಾರೂ ಮಾತಾಡಲಿಲ್ಲ.

ಹದಿನೈದು ದಿನದ ಮೇಲೆ ವಾಪಸ್ ಟಿಕೆಟ್ ಬಂತು: ಬೆಂಗಳೂರು ಬೆಳಿಗ್ಗೆ 10:00, ದುಬೈ 12:35. ನಾವು ಬಾಯಿ ಬಿಡುವ ಮೊದಲೇ ದೊಡ್ಡಪ್ಪ ಒಂದೂವರೆ ಕೂಡಿಸಿ ನಾಲ್ಕು ತಾಸು ಐದು ನಿಮಿಷ ಅಂದರು. ಆಮೇಲೆ, "ಊರಿಂದ ಹಿಂದಿನ ರಾತ್ರಿ ಎಂಟಕ್ಕ ಬಿಡಬೇಕು" ಅಂತ ಕಾರಿನವನಿಗೆ ಫೋನ್ ಹಚ್ಚಿದರು.