ಗೋತ್ರ ನೋಡಿದರೆ ಸಾಲದು

ವಿವಾಹದ ಮಾತು ಬಂದಾಗ ಹಿರಿಯರು ಮೊದಲು ಗೋತ್ರವನ್ನು ವಿಚಾರಿಸುತ್ತಾರೆ. ಸಗೋತ್ರವೆಂದು ತಿಳಿದರೆ ಎಂಥ ಉತ್ತಮ ಸಂಬಂಧವಾದರೂ ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ಅದೇ ಮನೆಯಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ತರಲು ಯಾರ ಆಕ್ಷೇಪವೂ ಇರುವುದಿಲ್ಲ. ಗೋತ್ರವು ತಂದೆಯ ಕಡೆಯಿಂದ ಬರುವಂಥದು. ವಂಶವಾಹಿಗಳಾದರೋ ತಂದೆತಾಯಿಗಳಿಬ್ಬರಿಂದಲೂ ಸಮನಾಗಿ ಬರುತ್ತವೆ. ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತಾಯಿತು.

ಸೋದರಿಕೆಯ ಪದ್ಧತಿಗೆ ಕಾರಣಗಳಿಲ್ಲದಿಲ್ಲ. ಹೆಣ್ಣುಮಗಳು ಅಪರಿಚಿತರ ಮನೆ ಸೇರುವುದಿಲ್ಲ; ಆಸ್ತಿ ಹಂಚಿಹೋಗುವುದಿಲ್ಲ. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯು ಸೋದರಮಾವನೊಡನೆ ವಿವಾಹವನ್ನು ನಿಷೇಧಿಸಿದರೂ ರೂಢಿಯಿರುವವರಿಗೆ ವಿನಾಯಿತಿ ನೀಡಿದೆ.

ರೂಢಿ ಎಷ್ಟು ಬಲವಾಗಿತ್ತೆಂಬುದಕ್ಕೆ ಸಾಕ್ಷಿಯುಂಟು. ಯಶವಂತಪುರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿರಾವ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಲಕ್ಷಕ್ಕೂ ಮಿಕ್ಕ ನವಜಾತ ಶಿಶುಗಳ ರಕ್ತವನ್ನು ಆನುವಂಶಿಕ ದೋಷಗಳಿಗಾಗಿ ಪರೀಕ್ಷಿಸಿದರು. ಆ ದಂಪತಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ರಕ್ತಸಂಬಂಧಿಗಳಾಗಿದ್ದರು.

ಪ್ರತಿಯೊಬ್ಬರಲ್ಲೂ ಕೆಲವು ದೋಷಯುಕ್ತ ವಂಶವಾಹಿಗಳು ಸುಪ್ತವಾಗಿರುತ್ತವೆ. ಪತಿಪತ್ನಿಯರಿಬ್ಬರಲ್ಲೂ ಒಂದೇ ದೋಷವಿದ್ದರೆ ಪ್ರತಿ ಮಗುವಿಗೂ ಆ ರೋಗ ತಗಲುವ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವ ಮತ್ತು ಸೊಸೆಯಲ್ಲಿ ವಂಶವಾಹಿಗಳ ಸರಾಸರಿ ಕಾಲುಭಾಗವೂ, ಅತ್ತೆಯ ಮಕ್ಕಳು ಮತ್ತು ಮಾವನ ಮಕ್ಕಳಲ್ಲಿ ಎಂಟನೆಯ ಒಂದು ಭಾಗವೂ ಸಮಾನ. ಜನ್ಮಜಾತ ದೋಷಗಳು ಸಾಮಾನ್ಯವಾಗಿ ನೂರಕ್ಕೆ 2–3 ಮಕ್ಕಳಲ್ಲಿ ಕಂಡರೆ, ಅತ್ತೆ–ಮಾವನ ಮಕ್ಕಳ ವಿವಾಹದಲ್ಲಿ ಇನ್ನೂ ಅಷ್ಟೇ ಸೇರುತ್ತದೆ. ಬಹುಪಾಲು ಮಕ್ಕಳು ಆರೋಗ್ಯವಂತರೇ; ಆದರೆ ತಲೆಮಾರುಗಳು ಇದನ್ನೇ ಅನುಸರಿಸಿದರೆ ಅಪಾಯ ಬೆಳೆಯುತ್ತದೆ. ಚಿಕ್ಕ ಸಮಾಜದಲ್ಲಿ ಸಂಬಂಧಿಕರಲ್ಲದವರಿಗೂ ಹಿಂದಿನ ಪೂರ್ವಜರು ಒಬ್ಬರೇ ಆಗಿರಬಹುದು.

ಮಗು ಕುಂದಿನೊಡನೆ ಜನಿಸಿದಾಗ ತಾಯಿಯ ಕರ್ಮವೆಂದು ಆಡಿಕೊಳ್ಳುವುದು ಅನ್ಯಾಯ. ದೋಷದ ಪಾಲು ಇಬ್ಬರಿಂದಲೂ ಬಂದದ್ದು. ಸಂಬಂಧವನ್ನು ನಿಶ್ಚಯಿಸಿದವರು ಹಿರಿಯರು. ಪ್ರಮಾದದಿಂದ ಪ್ರಾಣಕ್ಕೆ ಒದಗುವ ಹಾನಿಯೇ ಹಿಂಸೆ ಎನ್ನುತ್ತದೆ ಜೈನ ಆಚಾರಶಾಸ್ತ್ರ. ತಿಳಿದಿದ್ದೂ ವಿಚಾರಿಸದಿರುವುದು ಪ್ರಮಾದವಲ್ಲದೆ ಮತ್ತೇನು?

ಯಲಹಂಕದ ಪುಟ್ಟೇನಹಳ್ಳಿಯಂಥ ಕೆರೆಯಂಚಿನ ಹಳ್ಳಿಗಳೂ ಇಂದು ಬಡಾವಣೆಗಳಾಗಿ, ನಾನಾ ಜಿಲ್ಲೆಗಳ ಕುಟುಂಬಗಳಿಗೆ ನೆಲೆಯಾಗಿವೆ. ಸಂಬಂಧವನ್ನು ಹಿತ್ತಿಲಲ್ಲೇ ಹುಡುಕಬೇಕಾದ ಕಾಲ ಕಳೆದಿದೆ. ಬಸದಿಗಳ ಟ್ರಸ್ಟುಗಳು ವಧೂವರರ ಮಾಹಿತಿ ಪತ್ರದಲ್ಲಿ ಗೋತ್ರದ ಜೊತೆಗೆ ತಾಯಿಯ ಕಡೆಯ ಮೂರು ತಲೆಮಾರುಗಳ ವಿವರವನ್ನೂ ಕೇಳಲಿ. ಈಗಾಗಲೇ ಸೋದರಿಕೆಯಲ್ಲಿ ವಿವಾಹವಾದವರನ್ನು ಯಾರೂ ಹಳಿಯಬೇಕಾಗಿಲ್ಲ. ಅವರು ಸಂತಾನಕ್ಕೆ ಮುನ್ನ ಆನುವಂಶಿಕ ತಜ್ಞರ ಸಲಹೆ ಪಡೆದರೆ ಸಾಕು. ಮಾತು ಕೊಟ್ಟ ಮೇಲೆ ಹಿಂದೆಗೆಯುವುದು ಕಷ್ಟ; ಕೊಡುವ ಮುನ್ನ ಕೇಳುವುದು ಸುಲಭ.