ಯಾವ ವರ್ಷದ ಪದ್ಮಿನಿ?

ಒಂದು ಕಾಲಕ್ಕೆ ಮನೆಯಲ್ಲಿದ್ದು ಗುಜರಿಗೆ ಹೋದ ಕಾರಿನ ಕಿರುಮಾದರಿಯನ್ನು ಕೈಯಾರೆ ಕಟ್ಟುವುದು ಆಟಿಕೆಯ ಕಾರು ಕೊಳ್ಳುವುದಕ್ಕಿಂತ ಬೇರೆಯೇ ಆದ ಕೆಲಸ. ಅಂಗಡಿಯ ಮಾದರಿ ಕಾರ್ಖಾನೆಯಿಂದ ಹೊರಬಂದ ಸಾವಿರಾರು ಕಾರುಗಳ ಸಾಮಾನ್ಯ ರೂಪವನ್ನು ತೋರಿಸಿದರೆ ಸಾಕು, ಮನೆಯ ಮಾದರಿಯಾದರೋ ಒಂದೇ ಒಂದು ಕಾರಿಗೆ ಋಣಿಯಾಗಿರುತ್ತದೆ.

ಸಾಂಗ್ಲಿ, ಮಿರಜಗಳಲ್ಲಿ ಇಂಥ ಕೆಲಸಕ್ಕೆ ಪ್ರೀಮಿಯರ್ ಪದ್ಮಿನಿಯಷ್ಟು ಒಪ್ಪುವ ಕಾರು ಮತ್ತೊಂದಿಲ್ಲ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಮುಂಬಯಿಯಲ್ಲಿ ಸ್ಥಾಪಿಸಿದ ವಾಲಚಂದ ಹೀರಾಚಂದರ ಹೆಸರನ್ನೇ ಸಾಂಗ್ಲಿಯ ವಿಶ್ರಾಮಬಾಗದ ಇಂಜಿನಿಯರಿಂಗ್ ಕಾಲೇಜೂ ಹೊತ್ತಿದೆ. ಇಟಲಿಯ ವಿನ್ಯಾಸದಿಂದ ಬಂದ, 1089 ಸಿಸಿ ಇಂಜಿನ್ನಿನ ಈ ಕಾರಿಗೆ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರಿಟ್ಟರೂ ಜನರ ಬಾಯಲ್ಲಿ ಅದು ಕಡೆಯವರೆಗೂ ಫಿಯಾಟ್ ಆಗಿಯೇ ಉಳಿಯಿತು.

ಅದರ ಉದ್ದ ಸುಮಾರು 3.9 ಮೀಟರ್. 1:24ರ ಪ್ರಮಾಣದಲ್ಲಿ, ಅಂದರೆ ಮೂಲದ 24 ಅಳತೆಗೆ ಮಾದರಿಯಲ್ಲಿ ಒಂದು ಅಳತೆಯಂತೆ, ಅದು 16 ಸೆಂಟಿಮೀಟರಿನಷ್ಟಾಗುತ್ತದೆ. ಉದ್ದ, ಅಗಲಗಳನ್ನು ಹೀಗೆ ಭಾಗಿಸಬಹುದು, ಬಣ್ಣದ ದಪ್ಪವನ್ನು ಭಾಗಿಸಲಾಗದು: ಮಾದರಿಯ ಮೇಲೆ 0.1 ಮಿಲಿಮೀಟರ್ ದಪ್ಪ ಬಳಿದರೆ ನಿಜವಾದ ಕಾರಿಗೆ 2.4 ಮಿಲಿಮೀಟರ್ ಮೆತ್ತಿದಂತಾಗಿ, ಬಾಗಿಲಿನ ಸಂದುಗಳು ಮುಚ್ಚಿಹೋಗುತ್ತವೆ. ಮೂಲದ ಬಣ್ಣವನ್ನೇ ತಂದು ಬಳಿದರೂ ಚಿಕ್ಕ ಮೈಯ ಮೇಲೆ ಅದು ಕಪ್ಪಿಟ್ಟಂತೆ ಕಾಣುವುದರಿಂದ, ನುರಿತವರು ಬಿಳಿ ಬೆರೆಸಿ ತಿಳಿಗೊಳಿಸುತ್ತಾರೆ. ಇಲ್ಲಿ ಕಣ್ಣಿಗೆ ನಿಜವೆನಿಸಬೇಕಾದರೆ ಅಳತೆಗೆ ಸ್ವಲ್ಪ ಸುಳ್ಳಾಡಲೇಬೇಕು.

ಮಿರಜಕ್ಕೆ ಈ ವಿವೇಕ ಹೊಸದಲ್ಲ. ಹಿಂದೆ ಕತ್ತಿಗಳನ್ನು ಮಸೆಯುತ್ತಿದ್ದ ಅಲ್ಲಿನ ಶಿಕಲಗಾರ ಮನೆತನದವರು, 19ನೆಯ ಶತಮಾನದಲ್ಲಿ ಆಯುಧದ ಕಸುಬು ಇಳಿಮುಖವಾದಾಗ, ಸಿತಾರ್, ತಂಬೂರಿಗಳ ತಯಾರಿಕೆಗೆ ಹೊರಳಿದರು. ತಂತಿಗಳನ್ನು ಹೊರುವ ಕುದುರೆಯ ಮೈಯನ್ನು ನವಿರಾಗಿ ಸವೆಸಿ ನಾದಕ್ಕೆ ಝೇಂಕಾರ ತರುವ ಕ್ರಿಯೆಗೆ ಅವರು ಜವಾರಿ ತೆಗೆಯುವುದು ಎನ್ನುತ್ತಾರೆ. ಅಲ್ಲಿಯೂ ಕಡೆಯ ತೀರ್ಪು ಅಳತೆಪಟ್ಟಿಯದಲ್ಲ, ಕಿವಿಯದು.

ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯ ದತ್ತಾತ್ರೇಯ ಲೋಹಾರರು ಹಳೆಯ ಬಿಡಿಭಾಗಗಳಿಂದ, ಕಿಕ್ ಹೊಡೆದು ಶುರುಮಾಡುವ ಪುಟ್ಟ ಜೀಪೊಂದನ್ನು ಕಟ್ಟಿದಾಗ, ಉದ್ಯಮಿ ಆನಂದ್ ಮಹೀಂದ್ರಾ 2022ರಲ್ಲಿ ಅದಕ್ಕೆ ಬದಲಾಗಿ ಬೊಲೆರೊ ಕೊಡಿಸಿದ್ದು ದೇಶವೆಲ್ಲ ಸುದ್ದಿಯಾಯಿತು. ಅದು ಓಡಲಿಕ್ಕೆಂದೇ ಹುಟ್ಟಿದ, ಮುಂದೆ ನೋಡುವ ವಾಹನ. ಕಳೆದ ಕಾರಿನ ಮಾದರಿ ಹಿಂದಕ್ಕೆ ನೋಡುವಂಥದು, ಬದಲಿಗೆ ಕೊಡಲು ಯಾರ ಬಳಿಯೂ ಏನೂ ಇರದಂಥದು.

ಹಾಗೆ ಹಿಂದಕ್ಕೆ ನೋಡುವಾಗ ಎಲ್ಲಿ ನಿಲ್ಲಬೇಕೆಂಬುದೇ ಕಗ್ಗಂಟು. ಇಪ್ಪತ್ತು ವರ್ಷ ಓಡಿದ ಕಾರು ಇಪ್ಪತ್ತು ವರ್ಷವೂ ಒಂದೇ ಕಾರಾಗಿರುವುದಿಲ್ಲ. ಸಾಂಗ್ಲಿಯ ಎಂಎಚ್ 10 ಎಂಬ ನಂಬರನ್ನು ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆದರೆ ಒಂದು ಕಾಲ, ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರದಲ್ಲಿ ಬರೆದರೆ ಅನಂತರದ ಕಾಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ನುಗ್ಗಿದಾಗ ಮುಳುಗಿದ ಕಾರಾದರೆ, ಆ ಕೆಸರನ್ನು ತೋರಿಸಬೇಕೇ ಬೇಡವೇ ಎಂಬ ಪ್ರಶ್ನೆ ಬೇರೆ. ಕಂತು ಕಟ್ಟಿ ಕೊಂಡ ಯಜಮಾನರಿಗೆ ಮೊದಲ ದಿನದ ಹೊಳಪೇ ಬೇಕಾಗುತ್ತದೆ. ಹಿಂದಿನ ಸೀಟಿನಲ್ಲಿ ಬೆಳೆದ ಮಕ್ಕಳಿಗೆ ರೆಕ್ಸಿನ್ ಹರಿದು ಸ್ಪಂಜು ಇಣುಕುತ್ತಿದ್ದ ಕಾರು ಬೇಕು, ಡಿಕ್ಕಿಯ ಮೇಲಿನ ಡೆಂಟನ್ನಂತೂ ಅವರು ಬಿಟ್ಟುಕೊಡುವುದೇ ಇಲ್ಲ.